ನಮ್ಮನೆಯವರ ಸಂಬಳದ ರಜೆ

ಅಕ್ಕನ ಗಂಡನೂ ನನ್ನ ಗಂಡನೂ ಒಂದೇ ಗಣಿಗೆ ಹೋಗುತ್ತಾರೆ, ಒಂದೇ ಧೂಳು ಕುಡಿಯುತ್ತಾರೆ. ಆದರೆ ಭಾವ ಕಾಯಂ ನೌಕರರು, ನಮ್ಮನೆಯವರು ಗುತ್ತಿಗೆಯವರು. ಈ ವ್ಯತ್ಯಾಸ ದಿನವೂ ಕಣ್ಣಿಗೆ ಹೊಡೆಯುವುದಿಲ್ಲ. ಆಗಸ್ಟ್ ಹದಿನೈದಕ್ಕೆ ಹೊಡೆಯುತ್ತದೆ, ಗಾಂಧಿ ಜಯಂತಿಗೆ ಹೊಡೆಯುತ್ತದೆ. ಗಣಿ ಮುಚ್ಚಿದ ದಿನ ಭಾವನಿಗೆ ಮಲಗಿದರೂ ಸಂಬಳ. ನಮ್ಮವರಿಗೆ ರಜೆಯೆಂದರೆ ಆ ದಿನದ ಕೂಲಿ ಖೋತಾ. ಹಾಗಾಗಿ ರಜೆ ಬಂತೆಂದರೆ ಅವರು ನಮ್ಮ ಜನ್ನಾಪುರದಲ್ಲೇ ಯಾರದೋ ಮನೆಯ ಸಂಪು ತೊಳೆಯಲೋ, ಮರಳು ಹೊರಲೋ ಹೋಗುತ್ತಿದ್ದರು. ಅತ್ತ ಅಕ್ಕ ಶಿವಮೊಗ್ಗದಿಂದ ಫೋನ್ ಮಾಡಿ, "ಇವ್ರು ಇನ್ನೂ ಎದ್ದಿಲ್ಲ ಕಣೇ, ರಜಾ ಅಲ್ವಾ" ಅನ್ನುತ್ತಿದ್ದಳು.

ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ? ಅವಳ ಒಡವೆ ಸೀರೆ ನೋಡಿ ಉರಿದವಳಲ್ಲ ನಾನು, ಆ ನಿದ್ದೆ ನೋಡಿ ಉರಿದೆ. ಬಿಸಿಲು ಮುಖಕ್ಕೆ ಬಿದ್ದರೂ ಏಳದೆ, ಏಳದೇ ಇದ್ದುದಕ್ಕೆ ಸಂಬಳ ಎಣಿಸುವ ಗಂಡ! ಅಂಥವನ ಹೆಂಡತಿ ಎಷ್ಟು ಪುಣ್ಯ ಮಾಡಿರಬೇಕು ಅಂದುಕೊಂಡು ಪಾತ್ರೆ ಕುಕ್ಕುತ್ತಿದ್ದೆ.

ಈ ವರ್ಷ ಯೂನಿಯನ್ನಿನವರು ಗಲಾಟೆ ಮಾಡಿ ಗುತ್ತಿಗೆಯವರಿಗೂ ಸಂಬಳದ ರಜೆ ಕೊಡಿಸಿದರು. ಮೊದಲನೆಯದು ರಾಜ್ಯೋತ್ಸವಕ್ಕೆ. ಆದರೆ ಗುತ್ತಿಗೆದಾರ ಒಂದು ಕೊಕ್ಕೆ ಹಾಕಿದ. ರಜೆಯ ಹಿಂದಿನ ದಿನವೂ ಮರುದಿನವೂ ಕೆಲಸಕ್ಕೆ ಬಂದವರಿಗೆ ಮಾತ್ರ ರಜೆಯ ಕೂಲಿ, ಒಂದು ದಿನ ತಪ್ಪಿಸಿದರೂ ಇಲ್ಲ.

ಸರಿಯಾಗಿ ಆ ಹಿಂದಿನ ದಿನವೇ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಅಕ್ಕನ ಹೊಸ ಮನೆಯ ಗೃಹಪ್ರವೇಶ.

"ಇಬ್ರೂ ಬರ್ಬೇಕು," ಎಂದಳು ಅಕ್ಕ ಫೋನಿನಲ್ಲಿ.

"ಅವ್ರು ಬರಕ್ಕಾಗಲ್ಲ ಅಕ್ಕ. ಬಂದ್ರೆ ರಜಾ ಹೋಗುತ್ತೆ."

"ಒಂದಿನದ ಕೂಲಿಗೆ ಇಷ್ಟೊಂದು ಆಡ್ತೀಯಲ್ಲೇ ಮಾರಾಯ್ತಿ! ನಿಮ್ಮ ಭಾವ ನಾಲ್ಕು ದಿನ ರಜಾ ಹಾಕಿದಾರೆ."

ಹಾಕುತ್ತಾರೆ, ಯಾಕೆ ಹಾಕುವುದಿಲ್ಲ! ಹಾಲು ಉಕ್ಕಿಸಿದ್ದಕ್ಕೂ ಅವರಿಗೆ ಸಂಬಳ ಬರುತ್ತದೆ. ನಾನು ಫೋನ್ ಇಟ್ಟುಬಿಟ್ಟೆ.

ನಮ್ಮನೆಯವರಿಗೆ ಹೋಗುವ ಮನಸ್ಸಿತ್ತು. "ಸ್ವಂತ ಷಡ್ಡಕನ ಮನೆ ಕಣೇ. ನಾಲ್ಕು ಜನ ಏನಂತಾರೆ?" ಎಂದರು.

"ಆ ನಾಲ್ಕು ಜನ ಬಂದು ನಿಮಗೆ ಹಾಜರಿ ಹಾಕ್ತಾರಾ? ಸುಮ್ನೆ ಹೋಗ್ರೀ," ಎಂದು ಬುತ್ತಿ ಕೈಗೆ ಕೊಟ್ಟು, ಗಣಿಯ ಗಾಡಿ ಹತ್ತಿಸಿ, ನಾನೊಬ್ಬಳೇ ಬಸ್ಸು ಹಿಡಿದೆ. ಹೊಸ ಮನೆಯಲ್ಲಿ ಕಂಡಕಂಡವರೆಲ್ಲ "ಯಜಮಾನ್ರೆಲ್ಲಿ?" ಎಂದೇ ಕೇಳಿದರು. ಅಕ್ಕ ಮಾತ್ರ ಕೇಳಲಿಲ್ಲ. ಕುಂಕುಮ ಕೊಡುವಾಗಲೂ ಮುಖ ನೋಡಲಿಲ್ಲ. ನೋಡದಿದ್ದರೆ ಬಿಡಲಿ ಅಂದುಕೊಂಡೆ. ನಾಳೆ ನಮ್ಮವರೂ ಮಲಗುತ್ತಾರೆ, ಸಂಬಳ ತೆಗೆದುಕೊಂಡೇ ಮಲಗುತ್ತಾರೆ.

ಮಲಗಿದರು. ರಾಜ್ಯೋತ್ಸವದ ಮೈಕು ಬೀದಿಯಲ್ಲಿ ಶುರುವಾದರೂ ಏಳಲಿಲ್ಲ. ನಾನು ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದೆ. ಆಹಾ, ನಮ್ಮ ಮನೆಗೂ ಬಂತು! ತಡೆಯಲಾಗದೆ ಅಕ್ಕನಿಗೆ ಫೋನ್ ಮಾಡಿ, "ಇವ್ರಿನ್ನೂ ಎದ್ದಿಲ್ಲ ಅಕ್ಕ" ಎಂದೆ. ಅವಳು, "ಮಧ್ಯಾಹ್ನ ನಾವೇ ಅಲ್ಲಿಗೆ ಬರ್ತೀವಿ. ಷಡ್ಡಕ ಬರ್ಲಿಲ್ಲ ಅಂತ ನಿಮ್ಮ ಭಾವ ನಿನ್ನೆಯಿಂದ ಗೊಣಗ್ತಿದಾರೆ" ಎಂದಳು.

ಬಿಸಿಲೇರಿದ ಮೇಲೆ ಎದ್ದ ನಮ್ಮನೆಯವರು ಕಾಫಿ ಕೇಳಿದರು. ಆಮೇಲೆ ಇನ್ನೊಂದು ಕಾಫಿ ಕೇಳಿದರು. "ಹೇಗೂ ರಜಾ ಅಲ್ವಾ, ಅವ್ರೂ ಬರ್ತಿದಾರೆ, ಹೋಳಿಗೆ ಮಾಡೇ" ಎಂದರು. ಬೇಳೆ ಬೇಯಿಸಿ ಕಣಕ ನಾದಿಡುವಷ್ಟರಲ್ಲಿ ಅಕ್ಕ, ಭಾವ ಬಂದೇಬಿಟ್ಟರು. ಗಂಡಸರಿಬ್ಬರೂ ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡು ಉರುಳಿದರು. ಅಕ್ಕ ಸೀದಾ ಅಡಿಗೆಮನೆಗೆ ಬಂದಳು.

"ಏನ್ ಮಾರಾಯ, ಹೆಂಗಿದೆ ರಜಾ?" ಹೊರಗೆ ಭಾವ ಕೇಳಿದರು.

"ಸುಖ ಬಿಡಿ ಅಣ್ಣ. ಮೈಯೆಲ್ಲ ಹಗುರ ಆಯ್ತು," ಎಂದ ನಮ್ಮವರು ಒಳಗೆ ತಿರುಗಿ, "ಎರಡು ಲೋಟ ನೀರು ತಾರೇ" ಎಂದು ಕೂಗಿದರು.

ನೀರು ಕೊಟ್ಟು ಬಂದೆ. ಹೊಟ್ಟೆಯೊಳಗೆ ಅದೇ ಹಳೆಯ ಉರಿ ಭಗ್ ಅಂತ ಎದ್ದಿತ್ತು, ಆದರೆ ಈ ಸಲ ಅಕ್ಕನ ಮೇಲಲ್ಲ. ಚಾಪೆಯ ಮೇಲೆ ಕಾಲಾಡಿಸುತ್ತಿದ್ದ ನನ್ನ ಸ್ವಂತ ಗಂಡನ ಮೇಲೆ.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೂರಣ ರುಬ್ಬುತ್ತಿದ್ದಳು. ನಿನ್ನೆ ಬಂದ ಅಷ್ಟೂ ನೆಂಟರಿಗೆ ಉಪಚಾರ ಮಾಡಿದವಳು, ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಅಕ್ಕ, ಇಷ್ಟು ವರ್ಷ ಭಾವನ ರಜಾ ದಿನ ನೀನು ಏನ್ ಮಾಡ್ತಿದ್ದೆ?"

"ಇದೇ. ಇನ್ನೇನು?" ಅವಳು ತಲೆ ಎತ್ತಲಿಲ್ಲ. "ರಜಾ ದಿನಾನೂ ನಿಮ್ಮನೆಯವ್ರು ದುಡಿಯಕ್ಕೆ ಹೋಗ್ತಾರೆ, ನೀನು ಮಧ್ಯಾಹ್ನ ಕಾಲು ಚಾಚಿ ಮಲಗ್ತೀಯ ಅಂತ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ? ಹೋಯ್ತಲ್ಲೇ ಮಾರಾಯ್ತಿ, ಅದನ್ನೂ ನೀನೇ ಕಳ್ಕೊಂಡ್ಯಲ್ಲ."