ಮೆನೇಜರ್ರು ಮೀನು ಹಿಡಿದು ಬಂದರೆ

ಅವರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಪ್ರಾಯದಲ್ಲಿ ಬಲೆ ಬಿಡಿಸುವಾಗ ತೊರಕೆ ಮೀನಿನ ಮುಳ್ಳು ಹೊಕ್ಕು ಬೆರಳಿನ ಗಂಟು ಸತ್ತುಹೋಗಿತ್ತು. ಊಟಕ್ಕೆ ಕೂತರೂ, ದೇವರಿಗೆ ಕೈ ಮುಗಿದರೂ ಆ ಒಂದು ಬೆರಳು ನೆಟ್ಟಗೆ ಯಾರನ್ನೋ ತೋರಿಸುತ್ತಲೇ ಇರುತ್ತಿತ್ತು. ಬಂದರಿನಲ್ಲಿ ಮೀನಿನ ಏಲಂ ಕೂಗುವ ಕೆಲಸ ಅವರದು. ಅಲ್ಲಿ ಆ ಬೆರಳಿನಿಂದ ಉಪಕಾರವೇ ಆಗಿತ್ತು. ನಮ್ಮ ಕೇರಿಯ ಕ್ರಿಕೆಟ್ ತಂಡಕ್ಕೂ ಅವರೇ ಮೆನೇಜರ್. ಇಲ್ಲಿ ಮಾತ್ರ ಆ ಬೆರಳು ನಮ್ಮ ಕಡೆ ತಿರುಗಿದರೆ ಪಕ್ಕದವನ ಬೆನ್ನಿನ ಹಿಂದೆ ಸರಿಯುತ್ತಿದ್ದೆವು.

ಇಡೀ ಕೇರಿ ಅವರನ್ನು ಮೆನೇಜರ್ರು ಎಂದೇ ಕರೆಯುತ್ತಿತ್ತು. ಅವರ ಹೆಂಡತಿಯೂ ಹಾಗೇ. ಅವರು ಸ್ನಾನಕ್ಕೆ ಹೋಗಿದ್ದಾಗ ಮನೆಗೆ ಯಾರಾದರೂ ಹುಡುಕಿಕೊಂಡು ಹೋದರೆ, "ಮೆನೇಜರ್ರ್ ಮೀಯೂಕ್ ಹೋಯಿದ್ರ್, ಕೂಕಣಿ" ಎಂದು ಜಗಲಿ ತೋರಿಸುತ್ತಿದ್ದರು. ಜೀವಮಾನದಲ್ಲಿ ಮೆನೇಜರ್ರು ಬ್ಯಾಟು ಹಿಡಿದದ್ದನ್ನು ನೋಡಿದವರಿಲ್ಲ. ಆದರೆ ದೀಪಾವಳಿ ಕಳೆದು ನಮ್ಮ ಟೆನಿಸ್ ಬಾಲ್ ಲೀಗ್ ಶುರುವಾದರೆ ಮುಗಿಯಿತು. ಒಂದು ಭಾನುವಾರ ಕುಂದಾಪುರ, ಇನ್ನೊಂದು ಭಾನುವಾರ ಬೈಂದೂರು, ಮತ್ತೊಂದು ಬ್ರಹ್ಮಾವರ, ಮಳೆಗಾಲ ಹಿಡಿಯುವವರೆಗೂ ಅವರು ನಮ್ಮನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಜೇಬಿನಲ್ಲಿ ಪ್ಲಾಸ್ಟಿಕ್ ತೊಟ್ಟೆಯೊಳಗೆ ಮಡಚಿಟ್ಟ ಆಟಗಾರರ ಲಿಸ್ಟು. ಅದಕ್ಕೂ ಮೀನಿನ ವಾಸನೆ.

ಈ ಲಿಸ್ಟಿನ ಕತೆಯನ್ನು ಸ್ವಲ್ಪ ಹೇಳಬೇಕು. ಲೀಗಿನ ಶುರುವಿನಲ್ಲಿ ಒಂದು ತಂಡ ಹದಿನಾಲ್ಕು ಹೆಸರು ಬರೆದುಕೊಡಬೇಕು. ಆಮೇಲೆ ಸೇರಿಸುವಂತಿಲ್ಲ. ಆದರೆ ಮೇ ತಿಂಗಳಲ್ಲಿ ಮುಂಬೈ, ಬೆಂಗಳೂರಿನ ಹೋಟೆಲುಗಳಲ್ಲಿ ದುಡಿಯುವವರು ರಜೆಗೆ ಊರಿಗೆ ಬರುತ್ತಾರೆ. ಅವರಲ್ಲಿ ಒಳ್ಳೊಳ್ಳೆಯ ಆಟಗಾರರಿರುತ್ತಾರೆ. ನಾಕೌಟ್ ಮ್ಯಾಚುಗಳೂ ಫೈನಲ್ಲೂ ಇರುವುದು ಮೇ ತಿಂಗಳಲ್ಲೇ. ಹಾಗಾಗಿ ಕೊನೆಗೆ ಒಬ್ಬನನ್ನು ಸೇರಿಸಲು ಅವಕಾಶ ಇತ್ತು. ಅವನು ಬರಬೇಕಾದರೆ ಲಿಸ್ಟಿನಲ್ಲಿದ್ದ ಒಬ್ಬನ ಹೆಸರು ಹೋಗಬೇಕು. ಮೊದಮೊದಲು ತಂಡದವರು ಉಪಾಯ ಮಾಡಿದರು: ಯಾವತ್ತೂ ಆಡದ ಅಣ್ಣನದೋ ಭಾವನದೋ ಹೆಸರು ತುಂಬಿಸಿಡುವುದು, ಮೇ ತಿಂಗಳಲ್ಲಿ ಅದನ್ನು ಹೊಡೆದುಹಾಕಿ ಹುಲಿಯಂಥವನನ್ನು ತರುವುದು. ಈ ಬಾಗಿಲು ಮುಚ್ಚಿಸಿದವರು ನಮ್ಮ ಮೆನೇಜರ್ರೇ. ಕಮಿಟಿಯ ಸಭೆಯಲ್ಲಿ ಹಟ ಹಿಡಿದು ನಿಯಮ ಮಾಡಿಸಿದರು: ಹೋಗುವವನು ಲೀಗಿನ ಮ್ಯಾಚುಗಳಲ್ಲಿ ಅರ್ಧದಷ್ಟನ್ನಾದರೂ ಆಡಿದವನೇ ಆಗಿರಬೇಕು. ತೆಗೆದ ಹೆಸರು ಆ ವರ್ಷ ಮತ್ತೆ ಲಿಸ್ಟಿಗೆ ಬರಕೂಡದು.

"ಹೊಸಬ್ರನ್ನ ತಪ್ದಾರೆ ತರ್ಲಿ," ಎಂದಿದ್ದರಂತೆ ಸಭೆಯಲ್ಲಿ, "ಆರೆ ನೋವಾಯ್ಕ್. ನೋವಿಲ್ದೇ ತಪ್ಪುಕಾಗ."

ನೋವಿಲ್ಲದೆ ಹೊಸಬನನ್ನು ತರಕೂಡದು ಎಂದ ಅವರಲ್ಲಿ ನೋವು ಕೊಡುವುದಕ್ಕೂ ಒಂದು ಕ್ರಮವಿತ್ತು. ಯಾರ ಹೆಸರು ತೆಗೆಯುತ್ತಾರೋ ಅವರ ಮನೆಗೆ ತಾವೇ ನಡೆದು ಹೋಗುತ್ತಿದ್ದರು, ಕೈಯಲ್ಲಿ ಒಂದು ಒಳ್ಳೆಯ ಅಂಜಲ್ ಮೀನು ಹಿಡಿದುಕೊಂಡು. ಮನೆಯವರ ಕೈಗೆ ಮೀನು ಕೊಟ್ಟು, ಆಟಗಾರನ ಮುಖ ನೋಡಿ, "ನಿನ್ನ ಹೆಸ್ರ್ ತೆಗ್ದೆ" ಎಂದು ಹೇಳಿ ಬರುತ್ತಿದ್ದರು. ವಾಟ್ಸಾಪಿನಲ್ಲಿ ಹಾಕಿದರೆ ಸಾಲದೇ ಎಂದು ಒಬ್ಬರು ಕೇಳಿದ್ದಕ್ಕೆ, "ಹೆಸ್ರ್ ಬರೆಯೂಕೆ ಮನಿಗ್ ಬಂದವ ತೆಗೂಕೂ ಮನಿಗೇ ಬರ್ಕ್ ಅಲ್ದಾ?" ಎಂದರು. ಹೀಗಾಗಿ ಮೇ ತಿಂಗಳಲ್ಲಿ ಅವರು ಮೀನು ಹಿಡಿದು ರಸ್ತೆಯಲ್ಲಿ ಕಂಡರೆ ಆಟಗಾರರಿರುವ ಮನೆಗಳಲ್ಲೆಲ್ಲ ಗಡಿಬಿಡಿ. ಮೀನು ಮುಟ್ಟದಿದ್ದರೆ ಹೆಸರು ಉಳಿಯುತ್ತದೆ ಎಂದು ಅದ್ಯಾರು ಹಬ್ಬಿಸಿದ್ದರೋ, ಒಮ್ಮೆ ನಮ್ಮ ಆಫ್ ಸ್ಪಿನ್ನರನ ಮನೆಯವರು ಬಾಗಿಲಿಗೆ ಬೀಗ ಹಾಕಿ ಇಡೀ ಸಂಸಾರ ಸಮೇತ ತೋಟದಲ್ಲಿ ಅಡಗಿದ್ದರು. ಮೆನೇಜರ್ರು ಮೀನನ್ನು ಗೇಟಿಗೆ ಕಟ್ಟಿ ಹೋದರು. ಬೆಕ್ಕು ತಿಂದಿತು. ಹೆಸರು ಹೋಯಿತು.

ನಾನು ವಿಕೆಟ್ ಕೀಪರ್. ಕೇರಿಯಲ್ಲಿ ನನ್ನನ್ನು ಕೀಪರ್ ಎಂದೇ ಕರೆಯುತ್ತಿದ್ದರು. ಐಸ್ ಪ್ಲಾಂಟಿನಲ್ಲಿ ಕೆಲಸ. ಬೆಳಿಗ್ಗೆಯಿಂದ ಮಂಜುಗಡ್ಡೆ ಎಳೆದು ಮರಗಟ್ಟಿದ ಕೈಗೆ ಸಂಜೆ ಗ್ಲೌಸು ತೊಡುತ್ತಿದ್ದೆ. ದೊಡ್ಡ ಆಟಗಾರನೇನಲ್ಲ, ಸುಳ್ಳು ಯಾಕೆ? ಮೆನೇಜರ್ರ ಮಗ ನನ್ನ ಜೊತೆಯಲ್ಲೇ ಶಾಲೆಗೆ ಹೋದವನು, ನಮ್ಮ ತಂಡದ ಮುಖ್ಯ ಬೌಲರ್. ಅವನ ಚೆಂಡು ಹಿಡಿದೂ ಹಿಡಿದೂ ನಾನು ಕೀಪರ್ ಆದೆ ಎಂದರೂ ಸರಿ. ಎಂಟು ವರ್ಷದ ಹಿಂದೆ ನಮ್ಮ ತಂಡ ಮೊದಲ ಸಲ ಫೈನಲ್ಲಿಗೆ ಬಂತು. ಅದೇ ವಾರ ಮುಂಬೈಯಿಂದ ನಮ್ಮ ಕೇರಿಯ ಹುಡುಗನೊಬ್ಬ ರಜೆಗೆ ಬಂದಿಳಿದ. ಒಳ್ಳೆಯ ಬ್ಯಾಟ್ಸ್‌ಮನ್. ಕೀಪಿಂಗಿನಲ್ಲಂತೂ ನನ್ನ ಅಪ್ಪ.

ಇನ್ನು ಹೇಳುವುದೇನು? ಯಾರ ಹೆಸರು ಹೋಗುತ್ತದೆ ಎಂಬುದು ಬೀದಿಯ ನಾಯಿಗೂ ಗೊತ್ತಿತ್ತು. ತಂಡದವರು ನನ್ನ ಹತ್ತಿರ ಮೆತ್ತಗೆ ಮಾತಾಡತೊಡಗಿದ್ದರು, ಸೂತಕದ ಮನೆಯವರ ಹತ್ತಿರ ಮಾತಾಡಿದ ಹಾಗೆ. ಆರು ತಿಂಗಳು ಒಂದು ಅಭ್ಯಾಸ ತಪ್ಪಿಸದೆ ಓಡಾಡಿ, ಫೈನಲ್ ದಿನ ಗೆರೆಯ ಹೊರಗೆ ನಿಂತು ಚಪ್ಪಾಳೆ ಹೊಡೆಯಬೇಕಲ್ಲ ಎಂದು ನನಗೆ ಅಳುವೇ ಬರುತ್ತಿತ್ತು.

ಫೈನಲ್ಲಿನ ಹಿಂದಿನ ದಿನ, ನಾಲ್ಕು ಗಂಟೆಯ ಬಿಸಿಲು. ಅಮ್ಮ ಅಂಗಳ ಗುಡಿಸುತ್ತಿದ್ದವಳು ಥಟ್ಟನೆ ನಿಂತಳು.

"ಬಂದ್ರ್ ಕಾಣ್. ಕೈಯಂಗೆ ಅಂಜಲ್ ಇತ್ತ್."

ಅಮ್ಮ ಪಿಸುಗುಟ್ಟಿದಳು: "ಒಳ್ಗ್ ಹೋಯಿ ಮಲ್ಕೋ. ಜ್ವರ ಅಂದೇಳ್ತೆ." ಜ್ವರ ಬಂದವನ ಹೆಸರು ತೆಗೆಯಲು ಇನ್ನೂ ಸುಲಭ ಎಂದು ಅವಳಿಗೆ ಹೊಳೆಯಲಿಲ್ಲ. ನಾನು ಎದ್ದು ನಿಂತೆ, ಅಷ್ಟೆ. ಮೆನೇಜರ್ರು ಗೇಟಿನ ಹತ್ತಿರ ಬಂದರು. ಒಳಗೆ ಬರಲಿಲ್ಲ.

"ನಾಳೆ ಮಗನ್ನ ಬೇಗ ಏಳ್ಸ್. ಎಂಟ್ ಗಂಟಿಗೆ ಗ್ರೌಂಡಂಗೆ ಇರ್ಕ್," ಎಂದರು ಅಮ್ಮನಿಗೆ.

ಅಮ್ಮನಿಗೆ ನಂಬಿಕೆ ಬರಲಿಲ್ಲ. "ಹಾಂಗಾರೆ ಮೀನ್ ಯಾರ್ ಮನಿಗೆ?"

"ನಮ್ಮನಿಗೇ."

ಅಷ್ಟು ಹೇಳಿ ನಡೆದೇಬಿಟ್ಟರು. ಅಮ್ಮನ ಕೈಯಿಂದ ಹಿಡಿಸುಡಿ ಬಿತ್ತು. ನನಗೆ ಗರ ಬಡಿದ ಹಾಗಾಗಿತ್ತು. ಖುಷಿಯಾಗಬೇಕಿತ್ತಲ್ಲ? ಆಗಲಿಲ್ಲ. ಕಾಲುಗಳು ತಾವಾಗಿಯೇ ಅವರ ಹಿಂದೆ ಹೋದವು. ಅವರ ಮನೆಯ ಬೇಲಿಯ ಹೊರಗೆ ನಿಂತೆ. ಮಗ ಜಗಲಿಯಲ್ಲಿ ಕೂತು ಬೂಟು ಒರೆಸುತ್ತಿದ್ದ. ಅಪ್ಪನ ಕೈಯ ಮೀನು ನೋಡಿದ. ಅಪ್ಪನ ಮುಖ ನೋಡಿದ.

"ಅಪ್ಪಯ್ಯ, ಅದ್ ಅಡ್ಗಿಗ್ ತಂದದ್ದಾ?"

"ಅಲ್ಲ. ನಿನ್ನ ಹೆಸ್ರ್ ತೆಗ್ದೆ."

ಮಗ ಒರೆಸುತ್ತಿದ್ದ ಬೂಟನ್ನು ಕೆಳಗಿಟ್ಟ. ಆಮೇಲೆ ಅವನ ಕಣ್ಣು ಬೇಲಿಯಾಚೆ ನಿಂತಿದ್ದ ನನ್ನ ಮೇಲೆ ಬಿತ್ತು. ಆ ನೋಟವನ್ನು ನಾನು ಬರೆಯಲಾರೆ. ಒಳಗಿನಿಂದ ಅವನ ತಾಯಿ ಬಂದು, ಏನಾಯಿತೆಂದು ತಿಳಿಯದೆ, ಮೀನು ತೆಗೆದುಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಮೈದಾನದಲ್ಲಿ ಅವರನ್ನು ಬದಿಗೆ ಕರೆದು ಕೇಳಿದೆ. "ಮೆನೇಜರ್ರೆ, ಎಂತಕೆ ಹೀಂಗ್ ಮಾಡ್ದ್ರಿ? ಅವ ಇಲ್ದಿರೆ ಗೆಲ್ಲೂದ್ ಹ್ಯಾಂಗೆ?"

"ನೀನ್ ಒಂದ್ ದಿನ ಪ್ರಾಕ್ಟೀಸ್ ತಪ್ಸಿದ್ಯಾ? ಇಲ್ಲೆ. ಅವ ನಾನ್ ಮೆನೇಜರ್ರ ಮಗ ಅಂದೇಳಿ ಬೇಕಾದ್ರೆ ಬಂದ, ಬ್ಯಾಡ್ದಿರೆ ಇಲ್ಲೆ. ಬೇರೆಯವ್ರ ಮಕ್ಳ್ ಹೀಂಗ್ ಮಾಡಿರೆ ನಾನ್ ಎಂತ ಮಾಡ್ತಿದ್ದೆ? ಅದೇ ಮಾಡ್ದೆ. ಹೋಯಿ ಗ್ಲೌಸ್ ಹಾಕೋ."

ಮುಂಬೈಯವನು ಬ್ಯಾಟ್ಸ್‌ಮನ್ ಆಗಿ ಆಡಿದ, ನಾನು ಕೀಪಿಂಗಿಗೆ ನಿಂತೆ. ಅವನೇ ನಲವತ್ತು ಚಿಲ್ಲರೆ ಹೊಡೆದು ಮೊತ್ತ ಎತ್ತಿದ. ಎದುರಾಳಿಗಳು ಬ್ಯಾಟಿಂಗಿಗೆ ಬಂದು ಎರಡು ಓವರ್ ಉಳಿದಿರುವಾಗ ನಮ್ಮ ಬೌಲರ್ ಒಬ್ಬನ ಪಾದ ಹೊರಳಿತು. ಅವನನ್ನು ಎತ್ತಿಕೊಂಡು ಹೋಗಬೇಕಾಯಿತು. ನಮ್ಮ ಲೀಗಿನಲ್ಲಿ ಹಾಗಾದರೆ ಬದಲಿಗೆ ಇಳಿದವನೂ ಬೌಲ್ ಮಾಡಬಹುದಿತ್ತು. ಗೆರೆಯ ಹೊರಗೆ ಮೆನೇಜರ್ರ ಮಗ ನಿಂತಿದ್ದ. ಸಿಟ್ಟಿದ್ದರೂ ಆಟ ನೋಡದೆ ಇರಲಾಗದೆ ಬಂದಿದ್ದ. ಎದುರಾಳಿ ಕ್ಯಾಪ್ಟನ್ ದೊಡ್ಡ ಮನುಷ್ಯ. ತಾನಾಗಿಯೇ ಬಂದು ಹೇಳಿದ: "ನಿಮ್ಮ ಮಗನ್ನೇ ಇಳ್ಸಿ ಮೆನೇಜರ್ರೆ, ನಮ್ದ್ ಎಂತ ತಕರಾರಿಲ್ಲೆ." ಅಂಪೈರ್ ತಲೆಯಾಡಿಸಿದರು. ಕಮಿಟಿಯವರೂ ಆಗಬಹುದೆಂದರು. ಮಗ ಆಗಲೇ ಚಪ್ಪಲಿ ಬಿಚ್ಚಿದ್ದ.

"ಲಿಸ್ಟಂಗೆ ಇಲ್ಲೆ," ಎಂದರು ಮೆನೇಜರ್ರು.

"ನಾವೇ ಒಪ್ತ್ ಅಂದ್ರೂ?" ಎಂದ ಆ ಕ್ಯಾಪ್ಟನ್.

"ನೀವ್ ಒಪ್ಪೂದಾರೆ ಲಿಸ್ಟ್ ಎಂತಕೆ? ಹೋದ್ವರ್ಷ ಹೆಸ್ರ್ ಹೋದವ್ನಿಗೆ ನಾನ್ ಎಂತ ಹೇಳೂದ್?"

ಲಿಸ್ಟಿನಲ್ಲಿ ಉಳಿದಿದ್ದವರಲ್ಲಿ ಚೆಂಡು ಎಸೆಯಬಲ್ಲವನೆಂದರೆ ಕ್ಷೌರದಂಗಡಿಯವನು ಒಬ್ಬನೇ. ಅವನನ್ನೇ ಇಳಿಸಿದರು. ಪಾಪ, ಅವನು ಪ್ರಾಣ ಒತ್ತೆಯಿಟ್ಟು ಬೌಲ್ ಮಾಡಿದ. ಕೊನೆಯ ಎಸೆತಕ್ಕೆ ಅವರಿಗೆ ಎರಡು ರನ್ ಬೇಕಿತ್ತು. ಬ್ಯಾಟ್ಸ್‌ಮನ್ ಬೀಸಿದ, ಚೆಂಡು ನೆಟ್ಟಗೆ ಆಕಾಶಕ್ಕೆ ಹೋಯಿತು. ನನ್ನ ತಲೆಯ ಮೇಲೆಯೇ. ಕೇರಿಗೆ ಕೇರಿಯೇ "ಕೀಪರ್! ಕೀಪರ್!" ಎಂದು ಕೂಗಿತು.

ಬಿಟ್ಟೆ.

ಅವರು ಎರಡು ರನ್ ಓಡಿ ಮುಗಿಸಿದರು. ಲೈವ್ ಇತ್ತು, ಮುಂಬೈ, ದುಬೈಯಲ್ಲಿ ಕೂತವರೆಲ್ಲ ನೋಡಿದರು. ಬಿಸಿಲು ಕಣ್ಣಿಗೆ ಹೊಡೆಯಿತು ಎಂದೆ. ಯಾರೂ ನನ್ನನ್ನು ಬೈಯಲಿಲ್ಲ. ಎಲ್ಲರ ಸಿಟ್ಟೂ ಮೆನೇಜರ್ರ ಮೇಲೆ ತಿರುಗಿತು. ಮಗನನ್ನು ಬಿಟ್ಟು ಅಂಥವನನ್ನು ಇಟ್ಟುಕೊಂಡರಲ್ಲ, ಬುದ್ಧಿ ನೆಟ್ಟಗಿದೆಯಾ ಎಂದು ನನ್ನ ಎದುರಿಗೇ ಅಂದರು. ಆ ಮಳೆಗಾಲದಲ್ಲಿ ತಂಡದವರು ಸೇರಿ ಅವರನ್ನು ತೆಗೆದುಹಾಕಿದರು. ಅವರ ಮನೆಗೆ ಹೋಗಿ ಮುಖ ನೋಡಿ ಹೇಳುವ ಧೈರ್ಯ ಒಬ್ಬನಿಗೂ ಇರಲಿಲ್ಲ. ವಾಟ್ಸಾಪಿನಲ್ಲಿ ಹಾಕಿದರು. ನಾನೂ ಆ ಗ್ರೂಪಿನಲ್ಲಿದ್ದೆ. ಓದಿ ಸುಮ್ಮನಿದ್ದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಅವರ ಮಗ ಅಂದಿನಿಂದ ನನ್ನ ಹತ್ತಿರ ಮಾತು ಬಿಟ್ಟ. ಈಗ ಬೋಟಿನಲ್ಲಿ ಚಾಲಕ. ಐಸ್ ತುಂಬಿಸಲು ಬಂದರೂ ನನ್ನ ಬದಲು ಪಕ್ಕದವನ ಹತ್ತಿರ ಮಾತಾಡಿ ಹೋಗುತ್ತಿದ್ದ. ಮೆನೇಜರ್ರು ಮಾತ್ರ ಮೊದಲಿನ ಹಾಗೇ. ಭಾನುವಾರ ಬಸ್ಸು ಹಿಡಿದು ಮ್ಯಾಚಿಗೆ ಬರುತ್ತಿದ್ದರು, ದೂರದಲ್ಲಿ ನಿಂತು ನೋಡುತ್ತಿದ್ದರು. ಆ ಕ್ಯಾಚಿನ ಸುದ್ದಿಯನ್ನು ಏಳು ವರ್ಷದಲ್ಲಿ ಒಮ್ಮೆಯೂ ಎತ್ತಲಿಲ್ಲ. ಎತ್ತಿ ಒಂದು ಸಲ ಬೈದುಬಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹೋದ ವರ್ಷ ಅವರ ಗಂಟಲಿಗೆ ರೋಗ ಹಿಡಿಯಿತು. ಇಡೀ ಬಂದರಿಗೆ ಕೇಳುತ್ತಿದ್ದ ಸ್ವರ ಅದು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಆ ಬಾಯಿಂದ ಉಸಿರಿನಷ್ಟೇ ಮಾತು ಬರುತ್ತಿತ್ತು. ನಾನು ಹೌಹಾರಿದೆ. ಏನಾದರೂ ಮಾತಾಡಬೇಕಲ್ಲ ಎಂದು ಬಾಯಿ ತೆರೆದರೆ ಹೊರಬಂದದ್ದು ಬೇರೆಯೇ.

"ಮೆನೇಜರ್ರೆ, ಅವತ್ತ್ ಬಿಸ್ಲ್ ಕಣ್ಣಿಗ್ ಹೊಡ್ದದ್ದಲ್ಲ. ಚೆಂಡ್ ಮೇಲ್ ಹೋದ್ಕೂಡ್ಲೆ ಕೈ ನಡ್ಗೂಕ್ ಶುರುವಾಯ್ತ್. ನಂಗೆ ಹೆದ್ರಿಕೆ ಆಯ್ತ್."

ಅವರು ನನ್ನನ್ನು ಹತ್ತಿರ ಕರೆದರು. ಕಿವಿ ಬಾಯಿಯ ಹತ್ತಿರ ಒಯ್ದೆ.

"ನಂಗೊತ್ತಿತ್ತ್."

"ನನ್ನ ಹೆಸ್ರ್ ತೆಗ್ದ್ ನಿಮ್ಮ ಮಗಂದೇ ಇಡ್ಕಿತ್ತ್."

"ಹೆಡ್ಡ," ಎಂದರು. ಉಸಿರು ಎಳೆದುಕೊಂಡರು. "ಕ್ಯಾಚ್ ಬಿಡೂಕೂ ಗ್ರೌಂಡಂಗೆ ಇರ್ಕ್. ನೀನ್ ಇದ್ದೆ ಅಲ್ದಾ."

ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು, ಹೋಗಿಬರುವವರು ನೋಡುತ್ತಾರೆಂಬ ಪರಿವೆಯೂ ಇಲ್ಲದೆ ಅತ್ತೆ. ಏಳು ವರ್ಷ ನಾನು ಹೊತ್ತುಕೊಂಡು ತಿರುಗಿದ ಸುಳ್ಳು ಅವರಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಊರಿನ ಬೈಗುಳವನ್ನೆಲ್ಲ ತಾವೇ ತಿಂದಿದ್ದರು.

ಅವರು ಹೋದ ಸುದ್ದಿ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಅಂಗಳದ ತುಂಬ ಜನ. ನೆಂಟರೇ ಐವತ್ತರ ಮೇಲಿದ್ದರು. ನಾನು ಬೇಲಿಯ ಹತ್ತಿರ ಹಿಂದೆ ನಿಂತಿದ್ದೆ. ಅಲ್ಲಿಂದ ಮುಂದೆ ಹೋಗುವ ಹಕ್ಕು ನನಗಿದೆ ಎಂದು ಅನಿಸಲಿಲ್ಲ. ಚಟ್ಟ ಕಟ್ಟಿಯಾಯಿತು. ಹೆಗಲು ಕೊಡಲು ದಾಯಾದಿಗಳು ಸುತ್ತ ನಿಂತರು. ಮಗ ಬೆಂಕಿಯ ಮಡಕೆ ಹಿಡಿದು ಎದುರಿಗೆ ನಿಂತವನು ತಿರುಗಿ ನೋಡಿದ.

"ಕೀಪರ್ ಎಲ್ಲ್? ಅವ್ನ ಕರೀನಿ."

ಯಾರೋ ಹಿರಿಯರು ತಡೆದರು. "ಮನಿಯವ್ರೇ ಇಷ್ಟ್ ಜನ ಇದ್ರಲೆ ಮಗಾ."

"ಹೆಗ್ಲ್ ಕೊಡೂಕೆ ಅಪ್ಪಯ್ಯ ನಾಲ್ಕ್ ಹೆಸ್ರ್ ಹೇಳಿ ಹೋಯಿದ್ರ್," ಎಂದ ಮಗ. "ಎದುರಿನ ಎಡಬದಿ ಅವಂದ್. ಬದ್ಲ್ ಮಾಡೂಕಾಗ."

ಜನ ದಾರಿ ಬಿಟ್ಟರು. ನಾನು ಚಪ್ಪಲಿ ಬಿಟ್ಟು ಮುಂದೆ ಹೋದೆ. ಏಳು ವರ್ಷದ ಮೇಲೆ ಅವನು ನನ್ನ ಮುಖ ನೋಡಿ, ಹೂಂ, ಎತ್ತು ಎಂಬಂತೆ ತಲೆಯಾಡಿಸಿದ. ಬಗ್ಗಿ ಹೆಗಲು ಕೊಟ್ಟೆ. ಬಿದಿರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.