ಜಲ್ಲಿ ಸುರಿದ ಗದ್ದೆ

ಬೆಟಗೇರಿಯ ಲಾರಿ ಚಾಲಕ ನಿಜಾಮುದ್ದೀನ ಬಹಳ ವರ್ಷಗಳಿಂದ ಬಾಂಗ್ಲಾದೇಶದ ಗಡಿಗೆ ಉಳ್ಳಾಗಡ್ಡಿ ಒಯ್ಯುತ್ತಿದ್ದ. ಗಡಿಯ ಗೇಟು ದಾಟಲು ಅಲ್ಲಿ ವಾರಗಟ್ಟಲೆ ಕಾಯಬೇಕಿತ್ತು. ಕಾಯುವ ಲಾರಿಗಳನ್ನೇ ನಂಬಿ ಗಡಿಯ ಹಳ್ಳಿಯವರು ಭತ್ತದ ಗದ್ದೆಗಳಿಗೆ ಜಲ್ಲಿ ಸುರಿದು ನಿಲ್ದಾಣ ಮಾಡಿದ್ದರು. ಮಾಲೋತಿ ಎಂಬ ವಿಧವೆ ತನ್ನ ಗದ್ದೆಯ ಅಂಚಿಗೆ ಊಟದ ಅಂಗಡಿಯನ್ನೂ ಇಟ್ಟಿದ್ದಳು. ಅವನು ಉಣ್ಣುತ್ತಿದ್ದುದು ಅಲ್ಲೇ.

ಈ ಸಲ ಆ ಹಳ್ಳಿಯನ್ನು ಬಿಟ್ಟು ಬೇರೆ ಕಡೆಯಿಂದ ಹೊಸ ರಸ್ತೆ ತೆರೆದಿತ್ತು. ಲಾರಿಗಳು ನಿಲ್ಲದೆ ಗಡಿ ದಾಟುತ್ತಿದ್ದವು. ಖುಷಿಯಿಂದ ಮರಳುವಾಗ ಅವನು ಹಳೆಯ ದಾರಿಗೆ ಇಳಿದ. ಅಂಗಡಿ ಮುಚ್ಚಿತ್ತು. ಮತ್ತೆ ಭತ್ತ ಬೆಳೆಯಲೆಂದು ಮಾಲೋತಿ ಗದ್ದೆಯಲ್ಲಿ ಕೂತು ಜಲ್ಲಿ ಆರಿಸಿ ತೆಗೆಯುತ್ತಿದ್ದಳು.

"ಇನ್ನೂ ಮಣ್ಣು ಸಿಕ್ಕಿಲ್ಲ," ಎಂದಳು ಹರಕು ಹಿಂದಿಯಲ್ಲಿ.

ಊರಿಗೆ ಬಂದರೆ, ಪಕ್ಕದ ಮಲ್ಲಸಮುದ್ರದಲ್ಲಿದ್ದ ಅಣ್ಣತಮ್ಮಂದಿರ ಮೆಣಸಿನಕಾಯಿ ಹೊಲದ ದಂಡೆಗೆ ತಮ್ಮ ಸಮೀವುಲ್ಲಾ ಜಲ್ಲಿ ತರಿಸಿ ಹಾಕಿದ್ದ.

"ಭಾಯಿ, ರಸ್ತೆ ಅಗಲ ಆಗೇತಿ. ಲಾರಿ ನಿಂದ್ರಾಕ ಜಾಗ ಮಾಡೂಣು."

"ನಾಳೆ ರಸ್ತೆ ಬ್ಯಾರೆ ಕಡೆ ಹೊಳ್ಳಿದ್ರ?"

"ಎಲ್ಲಾರೂ ಮಾಡಾಕತ್ತಾರ."

ನಿಜಾಮುದ್ದೀನ ಮನೆಗೂ ಹೊಲಕ್ಕೂ ಸುಮ್ಮನೆ ಅಲೆದ. ಕೊನೆಗೆ ರಸ್ತೆಗೆ ತಾಗಿದ ತುಂಡನ್ನಷ್ಟೇ ತಮ್ಮನಿಗೆ ಬಿಟ್ಟು, ಉಳಿದ ಹೊಲಕ್ಕೆ ತಾನೇ ಕುಂಟೆ ಹೊಡೆದ. ಆದರೂ ರಸ್ತೆಯಲ್ಲಿ ಲಾರಿ ನಿಂತ ಸದ್ದಾದಾಗಲೆಲ್ಲ, ತಮ್ಮ ಹೇಳಿದ್ದೇ ಸರಿಯಿತ್ತೇನೋ ಎಂದು ಅವನು ಕುಂಟೆ ನಿಲ್ಲಿಸಿ ಅತ್ತ ನೋಡುತ್ತಿದ್ದ.