ಎಂಟರೊಳಗೆ ಒಂದು ಗೇಣು

ಡಿಶ್ ಆಂಟೆನಾದ ಮೋಟರಿನೊಳಗಿಂದ ಹಲ್ಲಿ ಮೊಟ್ಟೆ ಬಿದ್ದ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಮಸ್ಕಿಯ ಗುಜರಿಯವನು ಅದನ್ನು ಒರೆಸಿ ಕೊಡುವಷ್ಟು ಮರ್ಯಾದೆಯನ್ನೂ ಇಟ್ಟುಕೊಂಡಿರಲಿಲ್ಲ. ಒಳಗಿನ ಗ್ರೀಸು ಕಪ್ಪಗೆ ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿಕೊಂಡಿತು. ಅದರ ನಡುವೆ ಮೂರು ಬಿಳಿ ಮೊಟ್ಟೆ, ಒಂದು ಒಡೆದಿತ್ತು. ಥೂ, ಈಗ ಬರೆಯುವಾಗಲೂ ಬೆರಳು ಮೂಸಿ ನೋಡುವಂತಾಗುತ್ತದೆ.

ನನ್ನದು ಸಿಂಧನೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಗಂಡ ಹೊಲ ಹೊಲ ತಿರುಗಿ ಪಂಪ್‌ಸೆಟ್ ಬಿಚ್ಚಿ ತರುತ್ತಾನೆ, ಸುಟ್ಟ ತಂತಿ ತೆಗೆದು ಹೊಸದು ಸುತ್ತುವವಳು ನಾನು. ಸುಟ್ಟ ವಾರ್ನಿಶ್ ವಾಸನೆಯಲ್ಲಿಯೇ ಚಹಾ ಕುಡಿಯುವ ಹೆಂಗಸು. ಅಂಥವಳಿಗೂ ಹೇಸಿಗೆ ಹುಟ್ಟಿಸಿದ್ದು ನನ್ನ ತಮ್ಮನ ದೋಣಿ.

ತಮ್ಮ ಗಲ್ಫಿನಲ್ಲಿ ಶ್ರೀಮಂತರ ಹಾಯಿದೋಣಿಗಳನ್ನು ತೊಳೆಯುತ್ತಿದ್ದ. ತೊಳೆಯುತ್ತಾ ತೊಳೆಯುತ್ತಾ ನಡೆಸುವುದನ್ನೂ ಕಲಿತ. ಆಮೇಲೆ ಲಕ್ವಾ ಹೊಡೆಯಿತು. ಎಡಗೈ ಸತ್ತಂತಾಗಿ, ಊರಿಗೆ ಬಂದು, ಲಿಂಗಸುಗೂರಿನಿಂದಾಚೆ ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿರುವ ಹೆಂಡತಿಯ ಊರಿನಲ್ಲಿ ಉಳಿದ. ಅಲ್ಲಿ ಕೂತು ಪ್ಲೈವುಡ್ಡಿನಲ್ಲಿ ಒಂದು ದೋಣಿ ಮಾಡಿದ. ಭತ್ತ ಒಣಹಾಕುವ ತಾಡಪತ್ರಿಯನ್ನು ಕತ್ತರಿಸಿ ಹಾಯಿ ಹೊಲಿಸಿದ. "ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ" ಎಂದು ನೆಂಟರೆಲ್ಲ ನಕ್ಕರು.

ಅವನಿಗೆ ಬೇಕಾದದ್ದು ಒಂದೇ. ಯಾರ ಆಸರೆಯೂ ಇಲ್ಲದೆ ಒಬ್ಬನೇ ಆ ನೀರಿನ ಮೇಲೆ ಹೋಗಿ ಬರಬೇಕು. ಆದರೆ ಹಾಯಿಯ ಹಗ್ಗಕ್ಕೆ ಒಂದು ಕೈ ಬೇಕು, ಚುಕ್ಕಾಣಿಗೆ ಇನ್ನೊಂದು. ಅದಕ್ಕೆ ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ದಿಕ್ಸೂಚಿ ಇರುವ ಒಂದು ಸಣ್ಣ ಬೋರ್ಡು ಮಾಡಿದ. ದೋಣಿ ದಾರಿ ತಪ್ಪಿದರೆ ಅದು ಚುಕ್ಕಾಣಿಯ ಮೋಟರಿಗೆ ಹೇಳುತ್ತದೆ. ಮೋಟರು ಮಾತ್ರ ನನ್ನ ಪಾಲಿಗೆ ಬಂತು. ಲೀನಿಯರ್ ಆಕ್ಚುವೇಟರ್ ಅನ್ನುತ್ತಾರೆ. ತಿರುಗುವ ಬದಲು ಒಂದು ಕೋಲನ್ನು ನೇರ ಹೊರಗೆ ತಳ್ಳುತ್ತದೆ, ಒಳಗೆ ಎಳೆದುಕೊಳ್ಳುತ್ತದೆ. ನಾವು ಅಂಗಡಿಯಲ್ಲಿ ಕೋಲು ಮೋಟರ್ ಅಂದೆವು.

"ಆಪಾ, ಅರ್ಧ ಚೀಲ ಭತ್ತ ಎತ್ತೋ ಅಷ್ಟು ಜೋರು ಇದ್ರ ಸಾಕು," ಎಂದು ಫೋನಿನಲ್ಲಿ ಹೇಳಿದ. "ಆದ್ರ ಒಂದು ಗೇಣು ಹೊರಗ ಬರಾಕ ಎಂಟು ಎಣಸೋದ್ರೊಳಗ ಆಗಬೇಕು. ತಡಾ ಆದ್ರ ಗಾಳಿ ದೋಣಿ ತಿರುವಿ ಬಿಡ್ತೈತಿ. ಮತ್ತ ಅಗ್ಗ ಇರಲಿ."

ಈ ಸೀಮೆಯಲ್ಲಿ ಯಾವ ಮಾರುವವನನ್ನು ಕೇಳಿದರೂ ಎಷ್ಟು ಚೀಲ ಎತ್ತುತ್ತದೆ ಎಂದೇ ಹೇಳುತ್ತಾನೆ, ಎಷ್ಟು ಬೇಗ ಎಂದು ಹೇಳುವುದಿಲ್ಲ. ಮಸ್ಕಿಯ ಗುಜರಿಯವನು ಗುಟ್ಕಾ ತುಂಬಿದ ಬಾಯಿಂದ "ಎರಡು ಚೀಲ ಎತ್ತತೈತ್ರಿ ಅಕ್ಕಾರ" ಅಂದು ನನ್ನ ಚಪ್ಪಲಿಯ ಪಕ್ಕದಲ್ಲೇ ಉಗುಳಿದ. ಅದು ಹಳೆಯ ಡಿಶ್ ಆಂಟೆನಾ ತಿರುಗಿಸುತ್ತಿದ್ದ ಮೋಟರು. ಅಂಗಡಿಗೆ ತಂದು, ಮೊಟ್ಟೆ ತೊಳೆದು, ತೊಲೆಗೆ ಕಟ್ಟಿ ಅರ್ಧ ಚೀಲ ಭತ್ತ ತೂಗುಬಿಟ್ಟೆ. ತಮ್ಮನಿಗೆ ಬಸ್ಸು ಬದಲಿಸಿಕೊಂಡು ಬರುವುದು ಆಗದು, ಆದ್ದರಿಂದ ಪ್ರತಿ ಸಲವೂ ಫೋನ್ ಹಚ್ಚಿ ಗಟ್ಟಿಯಾಗಿ ಎಣಿಸಬೇಕು ಎಂಬ ಕರಾರು. ಇಪ್ಪತ್ತೈದು ಎಣಿಸಿದರೂ ಗೇಣು ಮುಗಿಯಲಿಲ್ಲ.

"ಬಸವನಹುಳ ಇದು," ಅಂದೆ. "ನಿನ್ನ ದೋಣಿ ದಂಡಿಗೆ ಬಡಿದ ಮ್ಯಾಲೆ ಚುಕ್ಕಾಣಿ ತಿರಗತೈತಿ."

ಎರಡನೆಯದು ಲಿಂಗಸುಗೂರಿನಲ್ಲಿ ಸಿಕ್ಕಿತು, ಆಸ್ಪತ್ರೆಯ ಮಂಚದ ತಲೆದೆಸೆ ಎತ್ತುವ ಮೋಟರು. ವೈರಿನ ಮೇಲೆ ಏನೋ ಒಣಗಿ ಹಳದಿಯಾಗಿತ್ತು. ಏನೆಂದು ನಾನು ಕೇಳಲಿಲ್ಲ. ಆನೆಯನ್ನೂ ಎತ್ತೀತು, ಆದರೆ ಸಾಯುವವರನ್ನು ಎಬ್ಬಿಸುವ ವೇಗ ಅದರದು. ಮೂರನೆಯದನ್ನು ಆನ್‌ಲೈನಿನಲ್ಲಿ ತರಿಸಿದೆ. ಹೊಚ್ಚ ಹೊಸದು, ಅಗ್ಗ, ಜೋರೂ ಉಂಟು ವೇಗವೂ ಉಂಟು, ನೀರು ಹೊಗದು ಎಂದು ಡಬ್ಬದ ಮೇಲೆ ಬರೆದಿತ್ತು. ಬಕೀಟಿನಲ್ಲಿ ಮುಳುಗಿಸಿದೆ. ಗುಳುಗುಳು ಗುಳ್ಳೆ ಬಿಟ್ಟಿತು. ಒಣಗಿಸಿ ಚೀಲ ತೂಗುಬಿಟ್ಟರೆ ಒಳಗಿನ ಗಾಲಿಯ ಪ್ಲಾಸ್ಟಿಕ್ ಹಲ್ಲುಗಳು ಕರಗಿ ಅಂಗಡಿಯೆಲ್ಲ ನಾತ. ಅಗ್ಗವೆಂದು ಮುಗ್ಗಿದ ಜೋಳ ತಂದ ಹಾಗಾಯಿತು. ಹಿಂಗೆ ಸುಳ್ಳು ಬರೆಯುವವರ ಕೈಗೆ ಹುಳ ಬೀಳಲಿ ಎಂದು ಬೈದೆ.

ಬೈಯುವುದರಲ್ಲಿ ನನಗೆ ಸುಖವಿತ್ತು. ಒಂದೊಂದು ಮೋಟರು ಕೆಟ್ಟಾಗಲೂ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ಅದನ್ನು ಆಗ ನನಗೆ ನಾನೇ ಹೇಳಿಕೊಳ್ಳಲಿಲ್ಲ.

ನೀರಿನ ವಿಷಯದಲ್ಲಿ ತಮ್ಮ ಹುಟ್ಟಾ ಹಟಮಾರಿ. ಮುದಗಲ್ಲಿನಲ್ಲಿ ನಾವು ಚಿಕ್ಕವರಿದ್ದಾಗ ಬಾವಿಗೆ ಜಿಗಿದು ತಳದಲ್ಲಿ ಕೂತುಬಿಡುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತು ಐವತ್ತು ಎಣಿಸಿ, ನೀರೊಳಗೆ ಕಲ್ಲಿಗೆ ಕಲ್ಲು ಬಡಿಯಬೇಕು. ಆ ಸಪ್ಪಳ ಕೇಳಿ ಅವನು ಮೇಲೆ ಬರುತ್ತಿದ್ದ. ಬಾವಿಯ ಪಾಚಿ ವಾಸನೆ ನನಗೆ ಇವತ್ತಿಗೂ ಆಗದು.

ನಾಲ್ಕನೆಯದು ಬಳಗಾನೂರಿನಲ್ಲಿ ಭತ್ತ ಕಟಾವು ಮಷಿನ್ ರಿಪೇರಿ ಮಾಡುವವನ ಹತ್ತಿರ ಇತ್ತು. ಕೊಳೆತ ಹುಲ್ಲಿನ ರಾಶಿಯಿಂದ ಎಳೆದು ತೆಗೆದ. ಸತ್ತ ಇಲಿಯ ನಾತ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

"ತಗೋರಿ ಅಮ್ಮಾ," ಅಂದ ಅವನು, "ಧೂಳು, ಕೆಸರು, ನೀರು ಎಲ್ಲಾ ಕುಡದು ಬದುಕೈತಿ ಇದು."

ತಂದು ಮೂರು ಸಲ ತೊಳೆದೆ. ಬಕೀಟಿನಲ್ಲಿ ಒಂದು ತಾಸು ಮುಳುಗಿಸಿಟ್ಟೆ. ಒಂದು ಗುಳ್ಳೆ ಏಳಲಿಲ್ಲ. ತಮ್ಮನಿಗೆ ಫೋನ್ ಮಾಡುವ ಮೊದಲೇ ಚೀಲ ತೂಗುಬಿಟ್ಟು ಗುಂಡಿ ಒತ್ತಿದೆ. ಏಳು ಎಣಿಸುವುದರೊಳಗೆ ಕೋಲು ಗೇಣು ದಾಟಿ ಟಕ್ ಎಂದು ನಿಂತಿತು. ಮತ್ತೆ ಒತ್ತಿದೆ. ಮತ್ತೆ ಏಳು. ಅರ್ಧ ತಾಸು ಆಡಿಸಿದೆ, ಮೈ ಬಿಸಿಯೂ ಆಗಲಿಲ್ಲ. ಅದರಲ್ಲಿ ಬೈಯಲಿಕ್ಕೆ ಏನೂ ಸಿಗಲಿಲ್ಲ. ಇದನ್ನು ಕೊಟ್ಟರೆ ತಮ್ಮ ಒಬ್ಬನೇ ನೀರಿಗೆ ಇಳಿಯುತ್ತಾನೆ.

ಆಮೇಲೆ ಫೋನ್ ಹಚ್ಚಿ ಮೋಟರಿನ ಪಕ್ಕ ಇಟ್ಟೆ. ಗುಂಡಿ ಒತ್ತಿ, ಒಂದು ಎರಡು ಮೂರು ಎಂದು ಬಡಬಡ ಎಣಿಸಿದೆ. ಕೋಲು ನಿಂತಾಗ ನನ್ನ ಬಾಯಲ್ಲಿ ಹದಿಮೂರು ಇತ್ತು.

"ಹದಿಮೂರು," ಅಂದೆ. "ಇದೂ ದರಿದ್ರದ್ದ. ವಾಪಸ್ ಕೊಟ್ಟು ಬರ್ತೀನಿ. ಸಾಕು ಬಿಡು ಇನ್ನ ಈ ಹೇಸಿಗಿ ಕೆಲಸ."

"ಆಪಾ, ಮೋಟರ್ ಸಪ್ಪಳ ನನಗೂ ಕೇಳಸ್ತೈತಿ. ನಾನೂ ಎಣಸಾಕತ್ತಿದ್ದೆ. ಏಳಕ್ಕ ನಿಂತೈತಿ ಅದು."

ಹಲ್ಲಿ ಮೊಟ್ಟೆಗಿಂತ, ಇಲಿ ನಾತಕ್ಕಿಂತ ಹೆಚ್ಚಿನ ಅಸಹ್ಯ ನನ್ನ ಮೇಲೆ ನನಗೇ ಆಯಿತು. ಅಷ್ಟು ದಿನ ಡಬ್ಬದ ಮೇಲೆ ಸುಳ್ಳು ಬರೆದವರನ್ನು ಬೈದವಳು ನಾನು.

"ಬಾವ್ಯಾಗೂ ನೀ ಹಿಂಗ ಮಾಡ್ತಿದ್ದಿ," ಅಂದ. ಸಿಟ್ಟು ಇರಲಿಲ್ಲ. "ಐವತ್ತಕ್ಕ ಬಡಿ ಅಂದ್ರ ಮೂವತ್ತಕ್ಕ ಕಲ್ಲು ಬಡೀತಿದ್ದಿ. ನೀರಾಗ ನಾನೂ ಎಣಸ್ತಿದ್ದೆ."

"ಗೊತ್ತಿದ್ರ ಯಾಕ ಮ್ಯಾಲೆ ಬರ್ತಿದ್ದಿ ಲೇ?"

"ನೀ ಅಳ್ತಿ ಅಂತ ಬರ್ತಿದ್ದೆ. ಈಗ ಅತ್ರೂ ಬರಾಂಗಿಲ್ಲ. ಮೋಟರ್ ತಗೊಂಡು ಬಾ."

ಮರುದಿನ ಮೋಟರನ್ನು ಚೀಲದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಮಸ್ಕಿ, ಸಂತೆಕಲ್ಲೂರು, ಲಿಂಗಸುಗೂರು, ಅಲ್ಲಿಂದ ತಮ್ಮನ ಊರು. ದಾರಿಯುದ್ದಕ್ಕೂ ಅದು ನಾರುತ್ತಲೇ ಇತ್ತು, ಪಕ್ಕದವಳು ಎದ್ದು ಬೇರೆ ಕಡೆ ಕೂತಳು. ಚುಕ್ಕಾಣಿಗೆ ಅದನ್ನು ಜೋಡಿಸಿ, ಸೈಕಲ್ ಟ್ಯೂಬು ಸುತ್ತಿ, ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಬಿಗಿದೆ. ಲೈಫ್ ಜಾಕೆಟಿನ ಬಕಲ್ ಒಂದೇ ಕೈಯಲ್ಲಿ ಹಾಕಿಕೊಳ್ಳುತ್ತೇನೆ ಎಂದ ತಮ್ಮ. ಹಾಕಿಕೊಳ್ಳಲಿ ಎಂದು ಬಿಟ್ಟೆ. ಅವನ ಹೆಂಡತಿ ನನ್ನನ್ನು ದುರುದುರು ನೋಡಿ ಮನೆಯೊಳಗೆ ಹೋದಳು.

ತಾಡಪತ್ರಿ ಗಾಳಿ ತುಂಬಿಕೊಂಡಿತು. ತಮ್ಮನ ಬಲಗೈಯಲ್ಲಿ ಹಗ್ಗ, ಬೆನ್ನ ಹಿಂದೆ ಮೋಟರು ಗರ್ ಎಂದು ಚುಕ್ಕಾಣಿಯನ್ನು ಇತ್ತ ತಳ್ಳಿತು, ಅತ್ತ ಎಳೆಯಿತು. ದೋಣಿ ನೆಟ್ಟಗೆ ಹೋಯಿತು. ಸಪ್ಪಳ ಸಣ್ಣದಾಗುತ್ತಾ ಕೇಳದಂತಾಯಿತು. ಅವನು ತಿರುಗಿ ನೋಡಲಿಲ್ಲ. ದಂಡೆಯ ಮೇಲೆ ಪಾಚಿ ವಾಸನೆ ಇತ್ತು, ಕಾಲ ಬಳಿ ಬೇಕಾದಷ್ಟು ಕಲ್ಲು ಬಿದ್ದಿದ್ದವು. ನಾನು ಕೈ ಕಟ್ಟಿಕೊಂಡು ಕೂತೆ, ನಿಧಾನವಾಗಿ, ಸುಳ್ಳಿಲ್ಲದೆ ಎಣಿಸಿದೆ. ಮೂವತ್ತು ಆಯಿತು. ಅಲ್ಲಿಂದ ಮುಂದೆ ಎಣಿಸಿ ನನಗೆ ರೂಢಿಯೇ ಇರಲಿಲ್ಲ.